ಮಾವನಿಗೆ ಸಿಎಲ್‌ಎಲ್ (ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್) ಅಂತೆ, ಮೈಕ್ರೋಆರ್‌ಎನ್‌ಎ ಟೆಸ್ಟ್ ಮಾಡಿಸಬೇಕಾ?

ಬೇಡ ಮಾರಾಯ್ರೆ, ಸದ್ಯಕ್ಕೆ ಆ ದುಡ್ಡು ಕೈಯಲ್ಲೇ ಇರಲಿ. ನಾನು ಡಾಕ್ಟರ್ ಅಲ್ಲ. ಊರು ಬದಿಯಡ್ಕದ ಹತ್ತಿರ, ಕೆಲಸ ಮಂಗಳೂರಿನ ಒಂದು ಲ್ಯಾಬ್‌ನಲ್ಲಿ, ರಕ್ತದ ಕ್ಯಾನ್ಸರಿನ ಸ್ಲೈಡ್ ನೋಡುವುದು. ನಿಮ್ಮ ಉಪ್ಪಳ, ಕುಂಬಳೆ ಕಡೆಯ ಸ್ಯಾಂಪಲ್‌ಗಳೂ ಬರುತ್ತಿರುತ್ತವೆ.

ಆದರೆ ಈ ಕಾಯಿಲೆಗೂ ಮೈಕ್ರೋಆರ್‌ಎನ್‌ಎಗೂ, ಅಂದರೆ ಜೀನ್‌ಗಳ ಕೆಲಸಕ್ಕೆ ಕಡಿವಾಣ ಹಾಕುವ ಪುಟ್ಟ ಆರ್‌ಎನ್‌ಎ ತುಣುಕುಗಳಿಗೂ, ನಂಟಿದೆ ಅಂತ ನಿಮ್ಮ ಗೆಳೆಯ ಹೇಳಿದ್ದು ಬರೀ ಗಾಳಿಮಾತಲ್ಲ. ಮೈಕ್ರೋಆರ್‌ಎನ್‌ಎಗೂ ಕ್ಯಾನ್ಸರಿಗೂ ನಂಟಿದೆ ಅಂತ ಮೊದಲು ಗೊತ್ತಾದದ್ದೇ ಸಿಎಲ್‌ಎಲ್‌ನಲ್ಲಿ, 2002ರಲ್ಲಿ, ಅಮೆರಿಕದ ಕಾರ್ಲೋ ಕ್ರೋಚೆ ಅವರ ತಂಡಕ್ಕೆ. ಈ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ 13ನೇ ಕ್ರೋಮೋಸೋಮಿನ ಒಂದು ತುಂಡು ಹೋಗಿರುತ್ತದೆ. ಆ ತುಂಡಿನಲ್ಲಿ ಕ್ಯಾನ್ಸರ್ ತಡೆಯುವ ಜೀನ್ ಯಾವುದಿತ್ತು ಅಂತ ವರ್ಷಗಟ್ಟಲೆ ಹುಡುಕಿದ್ದರು. ಸಿಕ್ಕಿದ್ದು ಮಿರ್-15ಎ, ಮಿರ್-16-1 ಅನ್ನುವ ಎರಡು ಪುಟಾಣಿ ಮೈಕ್ರೋಆರ್‌ಎನ್‌ಎಗಳು, ಒಂದೊಂದೂ ಸುಮಾರು 22 ಅಕ್ಷರದಷ್ಟೇ ಉದ್ದ.

ಯಾವ ಪ್ರೋಟೀನ್ ಮಾಡಬೇಕು ಅಂತ ಜೀನ್‌ನಿಂದ ಸುದ್ದಿ ಒಯ್ಯುವ ಎಂಆರ್‌ಎನ್‌ಎ ಅಂದರೆ ಹೋಟೆಲಿನ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ ಅಂದುಕೊಳ್ಳಿ, ಮೈಕ್ರೋಆರ್‌ಎನ್‌ಎ ಅದರ ಬಾಲಕ್ಕೆ ಅಂಟಿಕೊಂಡು ಆ ಆರ್ಡರ್ ಕಡಿಮೆ ಮಾಡಿಸುತ್ತದೆ. ಈ ಎರಡು ಹದ್ದುಬಸ್ತಿನಲ್ಲಿ ಇಡುವುದು ಬಿಸಿಎಲ್2 ಅನ್ನುವ ಪ್ರೋಟೀನನ್ನು. ಜೀವಕೋಶ ಸಾಯದಂತೆ ನೋಡಿಕೊಳ್ಳುವುದು ಅದರ ಕೆಲಸ. ತಡೆಯುವವರು ಹೋದರೆ ಬಿಸಿಎಲ್2 ಏರುತ್ತದೆ, ಕಾಲ ಬಂದಾಗ ಸಾಯಬೇಕಾದ ಬಿಳಿ ಕಣಗಳು ಸಾಯದೆ ರಾಶಿ ಬೀಳುತ್ತವೆ. ಮಾವನಿಗೆ ಕೌಂಟ್ ಜಾಸ್ತಿ, ಮೈಗೆ ಏನೂ ತೊಂದರೆ ಇಲ್ಲ ಅಂದಿರಲ್ಲ, ಎಷ್ಟೋ ಜನರಲ್ಲಿ ಶುರುವಿಗೆ ಹೀಗೇ ಇರುತ್ತದೆ.

ಎಲ್ಲ ಮೈಕ್ರೋಆರ್‌ಎನ್‌ಎಗಳೂ ಒಳ್ಳೆಯವಲ್ಲ ಮತ್ತೆ. ಮಿರ್-155 ಜಾಸ್ತಿಯಾದರೇ ಅಪಾಯ, 2006ರಲ್ಲಿ ಇಲಿಗಳ ಬಿ ಕಣಗಳಲ್ಲಿ (ಒಂದು ಬಗೆಯ ಬಿಳಿ ಕಣ) ಅದನ್ನು ಹೆಚ್ಚಿಸಿದಾಗ ಕ್ಯಾನ್ಸರ್ ಬಂತು.

ಕಳೆದುಹೋದದ್ದನ್ನು ಹೊರಗಿನಿಂದ ಕೊಟ್ಟರಾಯಿತಲ್ವಾ ಅನ್ನಿಸುತ್ತದೆ. ಮಿರ್-34ಎ ಅನ್ನುವ ಇನ್ನೊಂದನ್ನು ಲ್ಯಾಬಿನಲ್ಲಿ ಮಾಡಿ ರೋಗಿಗಳಿಗೆ ಕೊಟ್ಟು ನೋಡಿದರು, ಅಡ್ಡಪರಿಣಾಮ ಜೋರಾಗಿ 2016ರಲ್ಲಿ ನಿಲ್ಲಿಸಬೇಕಾಯಿತು. ಅದೇ ವರ್ಷ ಅಮೆರಿಕದಲ್ಲಿ ವೆನೆಟೋಕ್ಲಾಕ್ಸ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅದು ಮೈಕ್ರೋಆರ್‌ಎನ್‌ಎ ತಂಟೆಗೇ ಹೋಗದೆ ಬಿಸಿಎಲ್2ನ್ನು ನೇರವಾಗಿ ಹಿಡಿಯುತ್ತದೆ. ನನ್ನ ಕೇಳಿದರೆ ಜಾಣತನ ಅಂದರೆ ಇದು.

ಈಗ ದುಡ್ಡು ಹಾಕುವುದಿದ್ದರೆ ಕ್ರೋಮೋಸೋಮಿನ ತುಂಡು ಹೋಗಿದೆಯಾ ಅಂತ ನೋಡುವ ಫಿಶ್ ಟೆಸ್ಟಿಗೆ ಹಾಕಿ. ಹೊಳೆಯುವ ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನಡಿ ಸಾಮಾನ್ಯವಾಗಿ 200 ಜೀವಕೋಶ ಎಣಿಸುತ್ತೇವೆ. 13ಕ್ಯೂ ಜಾಗಕ್ಕೆ, ಅಂದರೆ 13ನೇ ಕ್ರೋಮೋಸೋಮಿನ ಆ ತುಂಡಿಗೆ, ಎರಡು ಚುಕ್ಕೆ ಕಾಣಬೇಕು, ಒಂದೇ ಇದ್ದರೆ ತುಂಡು ಹೋಗಿದೆ ಅಂತ ಲೆಕ್ಕ. ಅದೊಂದೇ ಹೋಗಿದ್ದರೆ ಹೆದರಬೇಡಿ, ಅಂಥವರಲ್ಲಿ ಕಾಯಿಲೆ ಸಾಮಾನ್ಯವಾಗಿ ನಿಧಾನ. 17ಪಿ, ಅಂದರೆ 17ನೇ ಕ್ರೋಮೋಸೋಮಿನ ಒಂದು ತುಂಡು, ಹೋಗಿದ್ದರೆ ಕಥೆ ಬೇರೆ, ಹಳೆಯ ಕೀಮೋ ಅಷ್ಟಾಗಿ ನಾಟುವುದಿಲ್ಲ, ಔಷಧಿಯೇ ಬೇರೆ ಆರಿಸುತ್ತಾರೆ. ಮುಂದಿನ ಸಲ ಹೋದಾಗ ಫಿಶ್ ಆಗಿದೆಯಾ, 17ಪಿ ಏನು ಬಂತು, ಇಷ್ಟು ಕೇಳಿ.