ದೊಡ್ಡವರಿಗೆ ಲಂಡನ್ ಪತ್ರಿಕೆ, ಉಳಿದವರಿಗೆ?

ಪ್ರಿಯ ಓದುಗರೇ,

"ರಾಜಕೀಯ ಬಿಕ್ಕಟ್ಟು ಬಂದಾಗಲೆಲ್ಲ ನಮ್ಮ ದೊಡ್ಡವರು ವಿದೇಶಿ ಪತ್ರಿಕೆ, ವಿದೇಶಿ ರೇಡಿಯೋವನ್ನೇ ಯಾಕೆ ನೆಚ್ಚಿಕೊಳ್ಳುತ್ತಾರೆ? ಇದು ಗುಲಾಮಿ ಬುದ್ಧಿ ಅಲ್ವಾ?" ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನನಗೆ ಹಾಗನಿಸುವುದಿಲ್ಲ. ಊರಿನ ಪತ್ರಿಕೆಯ ಬಾಯಿ ಕಟ್ಟಿದ ಮೇಲೆ ಕಟ್ಟಿದವರಿಗೂ ಸುದ್ದಿ ಸಿಗುವುದಿಲ್ಲ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳ ಕರೆಂಟ್ ತೆಗೆದರು. ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮರುದಿನ ಇಲ್ಲೇ ಬಂಧನಕ್ಕೊಳಗಾದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. ವಾಷಿಂಗ್ಟನ್ ಪೋಸ್ಟ್‌ನ ಲೂಯಿಸ್ ಸೈಮನ್ಸ್ ಅವರನ್ನು ದೇಶದಿಂದಲೇ ಹೊರಹಾಕಿದರು. ಜೈಲಿನಲ್ಲಿದ್ದ ವಿರೋಧಿ ನಾಯಕ ಜಯಪ್ರಕಾಶ್ ನಾರಾಯಣ್ (ಜೆಪಿ) ಅವರನ್ನು ಬಿಡಿ ಎಂದು ಕೇಳುವ ಜಾಹೀರಾತು ಆ ಆಗಸ್ಟ್ 15ರಂದು ಅಚ್ಚಾದದ್ದು ಲಂಡನ್ನಿನ ದಿ ಟೈಮ್ಸ್‌ನಲ್ಲಿ. ಇಲ್ಲಿ ಅದನ್ನು ಅಚ್ಚು ಹಾಕುವವರು ಯಾರಿದ್ದರು?

1984ರ ಅಕ್ಟೋಬರ್ 31ನ್ನು ನೋಡಿ. ಇಂದಿರಾ ಗಾಂಧಿಯವರಿಗೆ ಬೆಳಗ್ಗೆಯೇ ಗುಂಡು ಬಿದ್ದಿತ್ತು. ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದು ಸಂಜೆ. ಬಂಗಾಳ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿ ಬಿಬಿಸಿಗೆ ಕಿವಿಗೊಟ್ಟಿದ್ದರು. ಆಕಾಶವಾಣಿ ಅವರ ತಾಯಿಯ ಸರ್ಕಾರದ್ದೇ. ಆದರೂ ತಾಯಿಗೆ ಏನಾಯಿತೆಂದು ತಿಳಿಯಲು ಮಗನಿಗೆ ಅದು ಸಾಲಲಿಲ್ಲ.

ಸೋವಿಯತ್ ಅಧ್ಯಕ್ಷ ಗೋರ್ಬಚೆವ್ ಕಥೆ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. 1991ರ ಆಗಸ್ಟ್‌ನಲ್ಲಿ ಕ್ರಿಮಿಯಾದ ಫೋರೋಸ್‌ನ ಬಂಗಲೆಯಲ್ಲಿ, ಅಧಿಕಾರ ಕಿತ್ತುಕೊಳ್ಳಲು ಹೊರಟ ಅವರದೇ ಸರ್ಕಾರದ ಕೆಲವರು ಅವರನ್ನು ಕೂಡಿಹಾಕಿ ಫೋನ್ ಕತ್ತರಿಸಿದರು. ಅವರ ಆರೋಗ್ಯ ಸರಿಯಿಲ್ಲ ಎಂದು ಮಾಸ್ಕೋ ಜಗತ್ತಿಗೆ ಹೇಳುತ್ತಿತ್ತು. ಜೊತೆಗಿದ್ದವರು ಕೆಲಸದವರ ಕೋಣೆಗಳಲ್ಲಿ ಹಳೆಯ ರೇಡಿಯೋ ಹುಡುಕಿ, ಆಂಟೆನಾ ಕಟ್ಟಿ, ಸ್ಟೇಷನ್ ಹಿಡಿದರು. ಬಿಬಿಸಿಯೇ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸಿತು ಎಂದು ವಾಪಸ್ ಬಂದ ಮೇಲೆ ಗೋರ್ಬಚೆವ್ ಅವರೇ ಹೇಳಿದರು. ಕೆಲವೇ ವರ್ಷ ಹಿಂದಿನವರೆಗೂ ಇದೇ ಬಿಬಿಸಿ ಜನರಿಗೆ ಕೇಳಿಸದಂತೆ ಸೋವಿಯತ್ ಸರ್ಕಾರ ಗದ್ದಲದ ತರಂಗ ಬಿಡುತ್ತಿತ್ತು. ಅದನ್ನು ನಿಲ್ಲಿಸಿದ್ದು ಗೋರ್ಬಚೆವ್ ಕಾಲದಲ್ಲೇ.

ಹಾಗಂತ ವಿದೇಶಿ ಪತ್ರಿಕೆ ಹೇಳಿದ್ದೆಲ್ಲ ನಿಜ ಎಂದಲ್ಲ. ಇರಾಕ್ ಬಳಿ ಇವೆ ಎನ್ನಲಾದ ಸಾಮೂಹಿಕ ನಾಶದ ಅಸ್ತ್ರಗಳ ಬಗ್ಗೆ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಸರಿಯಾಗಿ ಪರಿಶೀಲಿಸದೆ ಬರೆಯಿತು. 2004ರಲ್ಲಿ ತಾನೇ ಅದನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ಇರಾಕ್ ಮೇಲೆ ಅಮೆರಿಕದ ಯುದ್ಧ ಶುರುವಾಗಿ ವರ್ಷ ದಾಟಿತ್ತು.

ನನಗೆ ನೋವಾಗುವುದು ಬೇರೆ ಕಡೆ. ಇಂಗ್ಲಿಷ್ ಬಲ್ಲ ಅಧಿಕಾರಿ, ಮಂತ್ರಿ, ವಕೀಲರಿಗೆ ಹೇಗೋ ಒಂದು ದಾರಿ ಸಿಗುತ್ತದೆ. 1975ರಲ್ಲಿ ಬಿಬಿಸಿಯ ಹಿಂದಿ, ತಮಿಳು ಪ್ರಸಾರವಿತ್ತು. ಕನ್ನಡದ್ದು ಇರಲಿಲ್ಲ. ಕನ್ನಡ ಮಾತ್ರ ಓದಬಲ್ಲ ಅಂಗಡಿಯವರು, ರೈತರು, ಮೇಷ್ಟ್ರುಗಳಿಗೆ ಸೆನ್ಸಾರ್ ಒಪ್ಪಿದ ಅದೇ ಹಾಳೆ ಬಿಟ್ಟರೆ ಬೇರೇನೂ ಇರಲಿಲ್ಲ.