ಬೆಟ್ಟದಲ್ಲಿ ತಿಂಗಳುಗಟ್ಟಲೆ ಮೋಡ ಅಳೆದರೆ ಮಳೆ ಮುನ್ಸೂಚನೆ ಹೇಗೆ ಸುಧಾರಿಸುತ್ತದೆ?

ನೀವು ಎರಡು ವಿಷಯ ಕೇಳಿದ್ದೀರಿ. ವಿಮಾನ, ಬಲೂನು, ರಾಡಾರ್ ಒಯ್ದು ಬೆಟ್ಟದಲ್ಲಿ ಅಳೆಯುವುದರಿಂದ ಮುನ್ಸೂಚನೆಗೆ ಏನು ಲಾಭ ಅಂತ ಒಂದು. ಕಲಬುರಗಿಯಂಥ ಬಯಲು ಸೀಮೆಯವರಿಗೆ ಅದರಿಂದ ಏನಾಗಬೇಕು ಅಂತ ಇನ್ನೊಂದು. ಎರಡನೆಯದನ್ನೇ ಮೊದಲು ಹೇಳುತ್ತೇನೆ.

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯಲ್ಲಿದೆ. 2019ರ ಆಗಸ್ಟ್‌ನಲ್ಲಿ ನಮ್ಮ ಹೊಲದ ತೊಗರಿ ಮಳೆಯಿಲ್ಲದೆ ಬಾಡುತ್ತಿತ್ತು. ಅದೇ ವಾರ ಹೊಳೆ ಏರಿತು. ಅಪ್ಪ ಫೋನ್ ಮಾಡಿ, "ಮ್ಯಾಲ ಮಳಿ ಆಗ್ಯಾದ, ಲಗೂನ ಬಾ, ಮೋಟಾರ್ ಎತ್ತಬೇಕು" ಅಂದರು. ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಪಂಪ್‌ಸೆಟ್ ಮೇಲಕ್ಕೆ ಎಳೆದೆವು. ಕೈಗೆಲ್ಲ ಗ್ರೀಸ್, ಕಾಲ ಕೆಳಗೆ ಒಣ ಧೂಳು. ಸಂಜೆಯ ಹೊತ್ತಿಗೆ ಮೋಟಾರ್ ಕೂರಿಸಿದ್ದ ಕಲ್ಲು ನೀರಿನಲ್ಲಿ ಮುಳುಗಿತ್ತು. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಅಪ್ಪ ಹೇಳುವ "ಮ್ಯಾಲ" ಅಂದರೆ ಸಹ್ಯಾದ್ರಿ. ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ. ಅಲ್ಲಿ ಬೆಟ್ಟದ ನೆತ್ತಿಯಿಂದ ಮಳೆ ಆಚೆ ಬಿದ್ದರೆ ಕೊಂಕಣಕ್ಕೆ ಇಳಿದು ಸಮುದ್ರ ಸೇರುತ್ತದೆ. ಈಚೆ ಬಿದ್ದರೆ ಉಜನಿ ಜಲಾಶಯಕ್ಕೆ, ಅದು ತುಂಬಿ ಗೇಟು ತೆಗೆದರೆ ನಮ್ಮ ಹೊಲಕ್ಕೆ. ಕೆಲವೇ ಕಿಲೋಮೀಟರ್ ಆಚೀಚೆ, ಅಷ್ಟೇ. ಹಾಗಾಗಿ ಬೆಟ್ಟದ ಮಳೆಯ ಮುನ್ಸೂಚನೆ ನಮಗೆ ಬೇಕೇ ಬೇಕು.

ಈಗ ಮೊದಲ ಪ್ರಶ್ನೆ. ಹವಾಮಾನದ ಕಂಪ್ಯೂಟರ್ ಮಾಡೆಲ್ ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ನಮ್ಮ ದೇಶದಲ್ಲಿ 2025ರ ಮೇ ತಿಂಗಳಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಒಂದು ಚೌಕ ಸುಮಾರು 6 ಕಿ.ಮೀ. ಅದಕ್ಕೂ ಮೊದಲು 12 ಕಿ.ಮೀ. ಇತ್ತು. ಬಯಲಿಗೆ ಇದು ನಡೆಯುತ್ತದೆ. ಆದರೆ ಎರಡು ಕಿ.ಮೀ. ಅಗಲದ ಕಣಿವೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಚೂಪಾದ ಬೆಟ್ಟ ಮೊಂಡಾಗಿ ಕಾಣುತ್ತದೆ. ಇನ್ನು ಚೌಕದೊಳಗೆ ಹನಿ ಹೇಗೆ ಬೆಳೆಯಿತು, ಹಿಮದ ಹರಳು ಎಷ್ಟು ವೇಗದಲ್ಲಿ ಬಿತ್ತು ಅನ್ನುವುದಕ್ಕೆಲ್ಲ ಸೂತ್ರ ಕಟ್ಟಿ ಅಂದಾಜು ಮಾಡಬೇಕು.

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಕೆಲವು ಹುಡುಗರ ಉತ್ತರ ಸರಿ ಇರುತ್ತದೆ, ಹಂತಗಳು ತಪ್ಪಿರುತ್ತವೆ. ಎರಡು ಕಡೆ ತಪ್ಪು ಮಾಡಿ, ಒಂದನ್ನೊಂದು ಹೊಡೆದುಹಾಕಿ, ಕೊನೆಗೆ ಸರಿಯಾದ ಸಂಖ್ಯೆ ಬಂದಿರುತ್ತದೆ. ಪ್ರಶ್ನೆ ಸ್ವಲ್ಪ ಬದಲಾದರೆ ಸಿಕ್ಕಿಬೀಳುತ್ತಾರೆ. ಮಾಡೆಲ್ ಕಥೆಯೂ ಇದೇ. ಮಳೆಮಾಪಕ ನೋಡುವುದು ಕೊನೆಯ ಉತ್ತರವನ್ನು ಮಾತ್ರ. ಬೆಟ್ಟಕ್ಕೆ ಹೋಗಿ ಅಳೆಯುವವರು ಹಂತ ಹಂತವನ್ನೂ ನೋಡುತ್ತಾರೆ. ನನ್ನ ಪ್ರಕಾರ ಅವರ ಕೆಲಸದ ನಿಜವಾದ ಬೆಲೆ ಇರುವುದು ಇಲ್ಲೇ.

ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಒರೆಗಾನ್‌ನಲ್ಲಿ ಕ್ಯಾಸ್ಕೇಡ್ ಪರ್ವತಗಳಿವೆ. ಅಲ್ಲಿ 2001ರ ಕೊನೆಯಲ್ಲಿ 'ಇಂಪ್ರೂವ್' ಅನ್ನುವ ಯೋಜನೆಯವರು ಮೋಡದೊಳಗೇ ವಿಮಾನ ನುಗ್ಗಿಸಿ ಹನಿ, ಹರಳು ಎಣಿಸಿದರು. ಕೆಳಗೆ ರಾಡಾರ್ ಮತ್ತು ಮಳೆಮಾಪಕ. ಆಮೇಲೆ ಅದೇ ದಿನಗಳನ್ನು ಮಾಡೆಲ್‌ನಲ್ಲಿ ಮತ್ತೆ ಓಡಿಸಿ ಹೋಲಿಸಿದರು. ಮಾಡೆಲ್ ಮೋಡದೊಳಗೆ ಹಿಮವನ್ನು ಜಾಸ್ತಿ ಮಾಡುತ್ತಿತ್ತು. ಹಿಮ ಹಗುರ, ನಿಧಾನವಾಗಿ ಬೀಳುತ್ತದೆ, ಗಾಳಿ ಅದನ್ನು ಬೆಟ್ಟ ದಾಟಿಸಿಬಿಡುತ್ತದೆ. ಹಾಗಾಗಿ ಮಾಡೆಲ್‌ನ ಮಳೆ ಬೆಟ್ಟದ ಆಚೆ ಬದಿಗೆ ಜಾಸ್ತಿ ಬೀಳುತ್ತಿತ್ತು. ಮೇಲಿನ ಭೀಮಾಶಂಕರದ ಮಾತು ನೆನಪಿಸಿಕೊಳ್ಳಿ. ಒರೆಗಾನ್‌ನಲ್ಲಿ ಹಿಮ ಜಾಸ್ತಿ, ನಮ್ಮ ಮಳೆಗಾಲದ ಮೋಡದ ರೀತಿ ಬೇರೆ, ನಿಜ. ಆದರೆ ಹನಿಯ ಲೆಕ್ಕ ತಪ್ಪಿದರೆ ಮಳೆ ಬೀಳುವ ಜಾಗವೂ ತಪ್ಪುತ್ತದೆ ಅನ್ನುವುದು ಎಲ್ಲ ಕಡೆಗೂ ಒಂದೇ. ಇಂಥ ಅಳತೆಗಳು ಕೈಗೆ ಸಿಕ್ಕ ಮೇಲೆ ಹಿಮದ ಸೂತ್ರಗಳನ್ನು ತಿದ್ದಿದರು.

ಗಾಳಿಯದೂ ಹೀಗೇ. ಅಲ್ಲಿಯೇ ಕೊಲಂಬಿಯಾ ನದಿಯ ಕಣಿವೆ ಸುತ್ತ 2015ರಿಂದ 2017ರವರೆಗೆ ಸುಮಾರು ಒಂದೂವರೆ ವರ್ಷ ಅಳೆದರು. ಚಳಿಗಾಲದಲ್ಲಿ ತಣ್ಣನೆ ಗಾಳಿ ತಗ್ಗಿನಲ್ಲಿ ಕೆರೆ ನೀರಿನ ಹಾಗೆ ನಿಂತುಬಿಡುತ್ತದೆ. ಮಾಡೆಲ್ ಅದನ್ನು ಬೇಗ ಕಲಕಿ ಚದುರಿಸಿಬಿಡುತ್ತಿತ್ತು. ಆ ಲೆಕ್ಕ ತಿದ್ದಿದ್ದು ಅಮೆರಿಕದ ದಿನನಿತ್ಯದ ಮುನ್ಸೂಚನೆಗೂ ಬಂತು.

ಇನ್ನೊಂದು ತೊಂದರೆ ಇದೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗಳು ಹಿಸುಕಿದರೆ ಸಾಕು ಅನ್ನುತ್ತೇವೆ. ಬೆಟ್ಟದಲ್ಲಿ ಅದು ನಡೆಯುವುದಿಲ್ಲ. ಜನ ಇರುವುದು ಕಣಿವೆಯಲ್ಲಿ, ಮಳೆಮಾಪಕ ಇರುವುದೂ ಅಲ್ಲೇ. ತುದಿಯಲ್ಲಿ ಇಟ್ಟರೂ ಜೋರು ಗಾಳಿಗೆ ಹನಿ ಪಕ್ಕಕ್ಕೆ ಹಾರಿ ಅಳತೆ ಕಡಿಮೆ ಬರುತ್ತದೆ. ರಾಡಾರ್ ಕಿರಣಕ್ಕೆ ಗುಡ್ಡವೇ ಅಡ್ಡ. ಅದಕ್ಕೇ ಒಂದೇ ಜಾಗವನ್ನು ಹತ್ತು ಉಪಕರಣಗಳಿಂದ ಒಟ್ಟಿಗೆ ನೋಡಬೇಕಾಗುತ್ತದೆ.

ನಮ್ಮ ಪಕ್ಕದಲ್ಲೂ ಇಂಥ ಕೆಲಸ ನಡೆದಿದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ 'ಕೈಪೀಕ್ಸ್' ಯೋಜನೆ 2009ರಲ್ಲಿ ಶುರುವಾಯಿತು. ಅದರ ನಾಲ್ಕನೇ ಹಂತ 2018 ಮತ್ತು 2019ರ ಮಳೆಗಾಲದಲ್ಲಿ ಸೊಲ್ಲಾಪುರದಲ್ಲಿ ನಡೆಯಿತು. ಮೋಡ ಬಿತ್ತನೆ ಪರೀಕ್ಷಿಸುವುದು ಮುಖ್ಯ ಉದ್ದೇಶ. ಆದರೆ ಅದಕ್ಕಾಗಿ ಮಳೆ ನೆರಳಿನ, ಅಂದರೆ ಬೆಟ್ಟ ಅಡ್ಡ ಬಂದು ಮಳೆ ಕಡಿಮೆಯಾಗುವ ಈಚೆ ಬದಿಯ ಮೋಡಗಳಲ್ಲಿ ಹನಿ ಎಷ್ಟು ದಪ್ಪ, ಧೂಳು ಎಷ್ಟು ಅಂತ ವಿಮಾನದಿಂದಲೇ ಅಳೆದರು. ನಾವೂ ಆ ನೆರಳಿನಲ್ಲೇ ಇರುವವರು, ಅಲ್ವಾ?

ಒಂದು ಮಾತು ಸ್ಪಷ್ಟ ಇರಲಿ. ಇಂಥ ಅಳತೆಯಿಂದ ನಾಳೆಯೇ ಮುನ್ಸೂಚನೆ ಸರಿಹೋಗುವುದಿಲ್ಲ. ಅಳೆದ ದಿನಗಳನ್ನು ಮತ್ತೆ ಮತ್ತೆ ಓಡಿಸಿ, ಒಂದೊಂದೇ ಅಂದಾಜು ಬದಲಿಸಿ ನೋಡಬೇಕು. ವರ್ಷಗಳೇ ಹಿಡಿಯುತ್ತವೆ. ಆರು ವಾರ ಅಳೆದಾಗ ದೊಡ್ಡ ಮಳೆ ಬಾರದೆಯೂ ಹೋಗಬಹುದು. ಅದಕ್ಕೇ ಐಐಟಿಎಂನವರು 2012ರಿಂದ ಮಹಾಬಳೇಶ್ವರದಲ್ಲಿ ಒಂದು ಕಾಯಂ ಪ್ರಯೋಗಾಲಯ ನಡೆಸುತ್ತಿದ್ದಾರೆ. ಮಳೆಗಾಲದಲ್ಲಿ ಮೋಡವೇ ಕೆಳಗಿಳಿದು ಆ ಕಟ್ಟಡವನ್ನು ಮುಚ್ಚುತ್ತದೆ. ವಿಮಾನ ಹಾರಿಸದೆಯೇ ಮೋಡದ ಹನಿ ಅಳೆಯಬಹುದು. ಯಾದಗಿರಿಗೆ ಬರುವ ಕೃಷ್ಣೆ ಹುಟ್ಟುವುದೂ ಅದೇ ಊರಿನಲ್ಲಿ.