ಹೊಸ ಸ್ಟೀರಿಯೊ ಬಂತು, ಬೇಸ್ ಎಲ್ಲಿ ಹೋಯಿತು?

ಪ್ರಶ್ನೆ: ಕಾರಿನ ಜೊತೆ ಬಂದಿದ್ದ ಸ್ಟೀರಿಯೊ ತೆಗೆಸಿ ಟಚ್‌ಸ್ಕ್ರೀನ್ ಇರುವ ಹೊಸದನ್ನು ಹಾಕಿಸಿದೆ. ಹಾಡುವವರ ದನಿ ಈಗ ಸ್ವಚ್ಛವಾಗಿ ಕೇಳುತ್ತದೆ. ಆದರೆ ಡ್ರಮ್ಮಿನ ಗುದ್ದು, ಬೇಸ್ ಗಿಟಾರ್ ಎಲ್ಲೋ ದೂರದಲ್ಲಿದ್ದಂತಿವೆ. ಬೇಸ್ ಜಾಸ್ತಿ ಮಾಡಿದರೆ ಬಾಗಿಲಿನ ಸ್ಪೀಕರ್ ಪರಪರ ಎನ್ನುತ್ತದೆ. ಬೇಸಿನ ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್, ಅಂದರೆ ಸಬ್‌ವೂಫರ್ ಹಾಕಿಸಬೇಕೆಂದಿದ್ದೇನೆ. ಸ್ಟೀರಿಯೊ ಮೇಲೆ 50 ವ್ಯಾಟ್, ನಾಲ್ಕು ಚಾನೆಲ್ ಎಂದು ಬರೆದಿದೆ. ಅದೇ ಸಾಲದೇ, ಬೇರೆ ಆಂಪ್ (ಶಬ್ದಕ್ಕೆ ಬಲ ಕೊಡುವ ಆಂಪ್ಲಿಫಯರ್) ಬೇಕೇ? 12 ಇಂಚಿನದೇ ಹಾಕಿಸು ಎನ್ನುತ್ತಾರೆ ಗೆಳೆಯರು. ಬ್ಯಾಟರಿ ಬೇಗ ಇಳಿದುಬಿಡುತ್ತದೆ ಎಂಬ ಭಯವೂ ಇದೆ.

ಉತ್ತರ: ಮೊದಲು ಆ ಪರಪರ ಶಬ್ದದ ವಿಷಯ. ಅದು ಸ್ಪೀಕರಿನ ದೋಷ ಅಲ್ಲ. ಶಬ್ದದ ಮಟ್ಟ ಅಷ್ಟೇ ಇರಬೇಕು, ಸ್ವರ ಮಾತ್ರ 80 ಹರ್ಟ್ಜ್‌ನಿಂದ (ಸೆಕೆಂಡಿಗೆ 80 ಕಂಪನ) 40ಕ್ಕೆ ಇಳಿಯಬೇಕು ಎಂದರೆ ಸ್ಪೀಕರಿನ ಕೋನ್, ಅಂದರೆ ಅಲುಗುವ ಮುಂಭಾಗ, ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಓಡಾಡಬೇಕು. ಬಾಗಿಲಿನಲ್ಲಿರುವ ಆರೂವರೆ ಇಂಚಿನ ಕೋನ್‌ಗೆ ಅಷ್ಟು ಜಾಗವೇ ಇರುವುದಿಲ್ಲ. ಸಬ್‌ವೂಫರ್ ಕಾರನ್ನು ಅಲುಗಾಡಿಸಲು ಎಂದು ತುಂಬಾ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದರ ಮೊದಲ ಕೆಲಸ ಬಾಗಿಲಿನ ಸ್ಪೀಕರುಗಳ ಹೊರೆ ಇಳಿಸುವುದು. ಸರಿಯಾಗಿ ಕೂತ ಸಬ್‌ವೂಫರ್ ತಾನು ಎಲ್ಲಿದ್ದೇನೆ ಎಂದು ತೋರಿಸಿಕೊಳ್ಳುವುದೇ ಇಲ್ಲ. ಹಾಡಿಗೆ ಬುಡ ಸಿಕ್ಕಿತು ಅನ್ನಿಸುತ್ತದೆ, ಅಷ್ಟೇ.

ಆಂಪ್ ಬೇಕೇ ಬೇಕು. ಆ 50 ವ್ಯಾಟ್ ನಂಬಬೇಡಿ. ಓಡುವ ಕಾರಿನಲ್ಲಿ ಸ್ಟೀರಿಯೊಗೆ ಸಿಗುವುದು ಸುಮಾರು 14 ವೋಲ್ಟ್. 4 ಓಮ್ ಸ್ಪೀಕರಿಗೆ ಲೆಕ್ಕ ಹಾಕಿದರೆ ಒಡೆಯದ ಶುದ್ಧ ಶಬ್ದಕ್ಕೆ 25 ವ್ಯಾಟ್ ಕೂಡ ಬರುವುದಿಲ್ಲ. 50ರ ಹತ್ತಿರ ಬರುವುದು ಶಬ್ದ ಪೂರ್ತಿ ಒಡೆದ ಮೇಲೆ. ಆಂಪ್ ಕೊಳ್ಳುವಾಗಲೂ ಪೆಟ್ಟಿಗೆಯ ಮೇಲಿನ ದಪ್ಪ ಅಕ್ಷರದ ಸಂಖ್ಯೆ ಬಿಟ್ಟು ಆರ್‌ಎಂಎಸ್ ಎಂದು ಬರೆದಿರುವುದನ್ನು ಹುಡುಕಿ, ಸತತವಾಗಿ ಕೊಡಬಲ್ಲ ಶಕ್ತಿ ಅದೇ. ನಿಮ್ಮ ಸ್ಟೀರಿಯೊ ಹಿಂದೆ ಸಬ್ ಎಂದು ಗುರುತಿರುವ ಆರ್‌ಸಿಎ ಸಾಕೆಟ್ (ಆಂಪಿಗೆ ಸಿಗ್ನಲ್ ಕಳಿಸುವ ದುಂಡು ಸಾಕೆಟ್) ಇದೆಯೇ ನೋಡಿ. ಇದ್ದರೆ ಅರ್ಧ ಕೆಲಸ ಆದಂತೆ.

12 ಇಂಚು? ನಾನಾದರೆ 8 ಅಥವಾ 10 ಇಂಚಿನದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಹಾಕುತ್ತೇನೆ, 200ರಿಂದ 250 ವ್ಯಾಟ್ ಆರ್‌ಎಂಎಸ್ ಆಂಪ್ ಜೊತೆ. ಕಾರಿನ ಒಳಗಿನ ಜಾಗ ಚಿಕ್ಕದು. ಅದು ಕೆಳಗಿನ ಸ್ವರಗಳನ್ನು ತಾನೇ ಎತ್ತಿಕೊಡುತ್ತದೆ. ರಂಧ್ರ ಇರುವ ಪೆಟ್ಟಿಗೆ ಅಷ್ಟೇ ವ್ಯಾಟಿಗೆ ಜಾಸ್ತಿ ಸದ್ದು ಕೊಡುತ್ತದೆ ನಿಜ. ಆದರೆ ಗಾತ್ರ ದೊಡ್ಡದು, ಅಳತೆ ತಪ್ಪಿದರೆ ಎಲ್ಲ ಹಾಡಿಗೂ ಒಂದೇ ದುಂ. ಡಿಕ್ಕಿ ಖಾಲಿ ಬೇಕು ಎನ್ನುವವರಿಗೆ ಸೀಟಿನ ಅಡಿಯಲ್ಲಿ ಕೂರುವ, ಆಂಪ್ ಒಳಗೇ ಇರುವ ಚಪ್ಪಟೆ ಸಬ್‌ವೂಫರುಗಳೂ ಇವೆ. ತೀರಾ ಕೆಳಗಿನ ಸ್ವರ ಅವುಗಳಿಂದ ಬರುವುದಿಲ್ಲ, ಆದರೂ ಈಗಿನದಕ್ಕಿಂತ ಎಷ್ಟೋ ಮೇಲು.

ಈಗ ವೈರಿಂಗ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದಯವಿಟ್ಟು.

ನನ್ನ ಮೊದಲ ಕಾರಿನಲ್ಲಿ ಆಂಪ್ ಕೂರಿಸಿದವರು ಫ್ಯೂಸನ್ನು ಡಿಕ್ಕಿಯಲ್ಲಿ, ಆಂಪ್ ಪಕ್ಕದಲ್ಲೇ ಹಾಕಿದ್ದರು. ನೋಡಲು ಅಚ್ಚುಕಟ್ಟಾಗಿತ್ತು. ಎಂಜಿನ್ ಕಡೆಯಿಂದ ಕ್ಯಾಬಿನ್‌ಗೆ ವೈರ್ ದಾಟುವ ತಗಡಿನ ತೂತಿಗೆ ರಬ್ಬರ್ ಬುಷ್ ಹಾಕಿರಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ತಗಡಿನ ಅಂಚು ವೈರಿನ ಸಿಪ್ಪೆ ತಿಂದುಹಾಕಿತ್ತು, ಒಳಗಿನ ತಾಮ್ರ ಕಾರಿನ ಮೈತಗಡಿಗೆ ತಾಗುತ್ತಿತ್ತು. ಬ್ಯಾಟರಿಯ ಟರ್ಮಿನಲ್ ಬಿಚ್ಚುವಾಗ ನನ್ನ ಕೈ ನಡುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು.

ಆಂಪ್ ಪಕ್ಕದ ಫ್ಯೂಸ್ ಆ ದಿನ ಏನೂ ಮಾಡಲಿಲ್ಲ, ಮಾಡಲು ಸಾಧ್ಯವೂ ಇರಲಿಲ್ಲ. ಕರೆಂಟ್ ಅಲ್ಲಿಯವರೆಗೆ ಹೋಗಿದ್ದರೆ ತಾನೇ? ಈ ಫ್ಯೂಸ್ ಇರುವುದು ವೈರನ್ನು ಕಾಯಲು. ಅದು ಬ್ಯಾಟರಿಯ ಪ್ಲಸ್‌ನಿಂದ 45 ಸೆಂ.ಮೀ. ಒಳಗೇ ಇರಬೇಕು. ಕೆಲಸ ಮುಗಿದ ಮೇಲೆ ಬಾನೆಟ್ ಎತ್ತಿಸಿ ನೀವೇ ನೋಡಿ. ಬುಷ್ ಇದೆಯೇ ಎಂದು ಬೆರಳಿಟ್ಟು ನೋಡಿ.

ವೈರ್ ಎಷ್ಟು ದಪ್ಪ? 250 ವ್ಯಾಟಿನ ಕ್ಲಾಸ್ ಡಿ (ಶಕ್ತಿ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ಪೂರ್ತಿ ದುಡಿಯುವಾಗ ಸುಮಾರು 23 ಆಂಪಿಯರ್ ಎಳೆಯುತ್ತದೆ. 8 ಗೇಜಿನ ವೈರ್ ಸಾಕು. ಶುದ್ಧ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಮ್ ಮೇಲೆ ತಾಮ್ರದ ಲೇಪ ಇರುವುದೂ ನೋಡಲು ಹಾಗೇ ಇರುತ್ತದೆ, ಆದರೆ ಅಷ್ಟೇ ದಪ್ಪದಲ್ಲಿ ಕರೆಂಟ್ ಕಡಿಮೆ ಹೊರುತ್ತದೆ. ಕಾರಿನ ಮೈತಗಡಿಗೆ ಸೇರಿಸುವ ಅರ್ತ್ ವೈರೂ ಅಷ್ಟೇ ದಪ್ಪ ಇರಲಿ, ಆದಷ್ಟು ಗಿಡ್ಡ ಇರಲಿ. ಕೂರಿಸುವ ಜಾಗದ ಬಣ್ಣ ಕೆರೆದು ಹೊಳೆಯುವ ತಗಡು ಕಾಣಿಸಬೇಕು.

ಬ್ಯಾಟರಿ ಭಯ ಬಿಡಿ. ಹಾಡು ಸದಾ ಪೂರ್ತಿ ಶಕ್ತಿ ಕೇಳುವುದಿಲ್ಲ, ಎಂಜಿನ್ ಓಡುವಾಗ ಆಲ್ಟರ್ನೇಟರ್ ಕರೆಂಟ್ ಕೊಡುತ್ತಿರುತ್ತದೆ. ಬ್ಯಾಟರಿ ಇಳಿಯುವುದು ಬೇರೆ ಕಾರಣಕ್ಕೆ. ಸ್ಟೀರಿಯೊ ಹಿಂದೆ ಸಾಮಾನ್ಯವಾಗಿ ನೀಲಿ ಮೇಲೆ ಬಿಳಿ ಗೆರೆಯ ಒಂದು ತೆಳು ವೈರ್ ಇರುತ್ತದೆ. ಸ್ಟೀರಿಯೊ ಆನ್ ಆದಾಗ ಆಂಪನ್ನು ಎಬ್ಬಿಸುವುದು ಅದೇ. ಅದರ ಬದಲು ಸದಾ ಕರೆಂಟ್ ಇರುವ ವೈರಿಗೆ ಸೇರಿಸಿದರೆ ಆಂಪ್ ರಾತ್ರಿಯೆಲ್ಲ ಎಚ್ಚರವಿರುತ್ತದೆ, ಬ್ಯಾಟರಿ ಸುಮ್ನೆ ಸೋರುತ್ತಿರುತ್ತದೆ.

ಎಲ್ಲ ಕೂತ ಮೇಲೆ ಟ್ಯೂನಿಂಗ್. ಸ್ಟೀರಿಯೊದಲ್ಲಿ ಬಾಗಿಲಿನ ಸ್ಪೀಕರುಗಳಿಗೆ ಹೈಪಾಸ್ 80 ಹರ್ಟ್ಜ್ (ಅದಕ್ಕಿಂತ ಮೇಲಿನ ಸ್ವರ ಬಿಡುವುದು), ಸಬ್‌ವೂಫರಿಗೆ ಲೋಪಾಸ್ 80 ಹರ್ಟ್ಜ್ (ಕೆಳಗಿನದನ್ನು ಬಿಡುವುದು) ಇಟ್ಟು ಶುರು ಮಾಡಿ. ಆ ಪರಪರ ಅಲ್ಲೇ ನಿಲ್ಲುತ್ತದೆ. ಬೇಸ್ ಬೂಸ್ಟ್ ಸೊನ್ನೆಯಲ್ಲಿರಲಿ. ಆಂಪಿನ ಗೇನ್ ತಿರುಪು ವಾಲ್ಯೂಮ್ ಅಲ್ಲ, ಸ್ಟೀರಿಯೊದ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು. ಮಲ್ಟಿಮೀಟರ್ ಇದ್ದರೆ ಸಬ್‌ವೂಫರ್ ವೈರ್ ಬಿಚ್ಚಿ, ಗೇನ್ ಪೂರ್ತಿ ಇಳಿಸಿ, ವಾಲ್ಯೂಮ್ ಮುಕ್ಕಾಲಿಗಿಟ್ಟು 50 ಹರ್ಟ್ಜ್‌ನ ಟೆಸ್ಟ್ ಟೋನ್ ಹಾಕಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 250 ವ್ಯಾಟ್, 4 ಓಮ್ ಆದರೆ 31.6. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪಿನ ಔಟ್‌ಪುಟ್‌ಗೆ ಹಿಡಿದು, 31 ತೋರಿಸುವವರೆಗೆ ಮಾತ್ರ ಗೇನ್ ಏರಿಸಿ. ವಾಲ್ಯೂಮನ್ನೂ ಇನ್ನು ಮುಂದೆ ಆ ಮುಕ್ಕಾಲು ದಾಟಿಸಬೇಡಿ. ಅದಕ್ಕೂ ಮೇಲೆ ಹೋದರೆ ಶಬ್ದ ಒಡೆಯುತ್ತದೆ, ಸ್ಪೀಕರಿನ ಒಳಗಿನ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್ ಕಾದು ಸುಡುತ್ತದೆ.

ಕೊನೆಗೆ ನೀವು ಡ್ರೈವರ್ ಸೀಟಿನಲ್ಲಿ ಕೂತು, ಬೇರೆಯವರಿಂದ ಫೇಸ್ ಸ್ವಿಚ್ (ಸಬ್‌ವೂಫರ್ ಕೋನಿನ ಓಡಾಟದ ದಿಕ್ಕು ತಿರುಗಿಸುವುದು) 0, 180 ಎಂದು ಬದಲಾಯಿಸಿ ಕೇಳಿ. ಬೇಸ್ ಯಾವುದರಲ್ಲಿ ತುಂಬಿ ಬರುತ್ತದೋ ಅದೇ ಸರಿ. ಡಿಕ್ಕಿಯಲ್ಲಿ ಪೆಟ್ಟಿಗೆಯನ್ನು ಪಟ್ಟಿ ಕಟ್ಟಿ ಬಿಗಿಯಿರಿ. ಬ್ರೇಕ್ ಹಾಕಿದಾಗ ಅದು ಸೀಟಿನ ಬೆನ್ನಿಗೆ ಬಡಿಯಬಾರದು, ಅಲ್ವಾ?

ಪ್ರಶ್ನೆ: ಸಬ್‌ವೂಫರ್ ಹಾಕಿಸಿದ ಮೇಲೆ ಸ್ಪೀಕರಿನಲ್ಲಿ ಕುಂಯ್ ಎಂಬ ದನಿ ಬರುತ್ತಿದೆ. ಆಕ್ಸಲರೇಟರ್ ಒತ್ತಿದಷ್ಟೂ ಏರುತ್ತದೆ. ಆಂಪ್ ಕೆಟ್ಟಿದೆಯೇ?

ಉತ್ತರ: ಇರಲಾರದು. ಅದು ಆಲ್ಟರ್ನೇಟರಿನ ಶಬ್ದ. ಮೊದಲು ಆಂಪಿನ ಅರ್ತ್ ಬಿಚ್ಚಿ, ಬಣ್ಣ ಕೆರೆದು, ಬಿಗಿಯಾಗಿ ಕೂರಿಸಿ. ಹೋಗದಿದ್ದರೆ ಆಂಪ್ ಕಡೆಯ ಆರ್‌ಸಿಎ ಎಳೆದು ಕೇಳಿ. ಶಬ್ದ ನಿಂತರೆ ಅದು ಆರ್‌ಸಿಎ ಮೂಲಕವೇ ಬರುತ್ತಿದೆ. ಪವರ್ ವೈರ್ ಕಾರಿನ ಒಂದು ಬದಿಯಲ್ಲಿ, ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗುವಂತೆ ಮಾಡಿಸಿ. ಗೇನ್ ತುಂಬಾ ಏರಿಸಿದ್ದರೆ ಇಳಿಸಿ. ಶಬ್ದ ತಡೆಯುವ ಫಿಲ್ಟರ್ ಕೊಳ್ಳುವ ಯೋಚನೆ ಇದೆಲ್ಲ ಆದ ಮೇಲೆ ಇರಲಿ.